ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವರು

ಅವರನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಬರುವುದು ಅವರ ಕುತ್ತಿಗೆಯ ಹಿಂಭಾಗ. ಒಗೆದು ಒಗೆದು ಅಂಚು ಸವೆದ ಬೂದು ಕಾಲರು, ಅದರ ಮೇಲ್ಗಡೆ ಚರ್ಮದಲ್ಲಿ ಹುಣಸೆ ಬೀಜದಷ್ಟು ದೊಡ್ಡ ಹಳೆಯ ಸುಟ್ಟ ಗುರುತು. ಮುಖಕ್ಕಿಂತ ಬೆನ್ನು ಹೆಚ್ಚು ನೆನಪಿರಲು ಕಾರಣವಿದೆ. ಮಕ್ಕಾದ ಆ ಹೋಟೆಲಿನಲ್ಲಿ ನಮ್ಮ ಕೋಣೆಯ ಬಾಗಿಲು ತಟ್ಟಿದ ಮೇಲೆ ಅವರು ಹಿಂದೆ ಸರಿದು, ಎದುರಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಒಳಗಿರುವ ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳದೆ ಬಾಗಿಲು ತೆರೆದಾರು ಎಂಬ ಸಂಕೋಚ. ಟವೆಲ್ ಬೇಕು, ಬಿಸಿನೀರು ಬರುತ್ತಿಲ್ಲ ಎಂದು ನಾವು ಅವರ ಬೆನ್ನಿಗೆ ಹೇಳುತ್ತಿದ್ದೆವು. ಅವರು ಗೋಡೆಗೆ ಉತ್ತರ ಕೊಡುತ್ತಿದ್ದರು.

ಅವರು ಆ ಮಹಡಿಯ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನಾನು ಬೆಳೆದದ್ದು ಜಿದ್ದಾದಲ್ಲಿ. ಶಾಲೆಗೆ ರಜೆ ಸಿಕ್ಕಿದಾಗಲೆಲ್ಲ ಬಾಪ ನಮ್ಮನ್ನು ಮಕ್ಕಾಕ್ಕೆ ಕರೆದುಕೊಂಡು ಹೋಗುತ್ತಿದ್ದರು; ಉಮ್ರಾ ಯಾತ್ರೆ ಮುಗಿಸಿ, ಅದೇ ಹೋಟೆಲಿನಲ್ಲಿ ಕೆಲವು ದಿನ ಇದ್ದು ಬರುತ್ತಿದ್ದೆವು. ನಮಗೆ ಗೊತ್ತಿದ್ದ ಪ್ರವಾಸ ಅದೊಂದೇ. ಆ ಸೂಪರ್‌ವೈಸರ್ ಉತ್ತರ ಕನ್ನಡದ ಕರಾವಳಿಯವರು, ಮನೆಮಾತು ನವಾಯತಿ. ನಮ್ಮದು ಬ್ಯಾರಿ. ಹೀಗಾಗಿ ನಮ್ಮ ನಡುವಿನ ಮಾತೆಲ್ಲ ಕನ್ನಡದಲ್ಲಿ. ನಾನು ಅವರನ್ನು ಚಾಚಾ ಎಂದು ಕರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಅವರು ಕೇಳಿಸದವರಂತೆ ನಿಂತಿರುತ್ತಿದ್ದರು. "ಕನ್ನಡದಲ್ಲಿ ಕೇಳು ಮಾರಾಯ್ತಿ. ಬೈಯುದಾದ್ರೂ ಕನ್ನಡದಲ್ಲಿ ಬೈ," ಎನ್ನುತ್ತಿದ್ದರು. ನನ್ನ ಕನ್ನಡ ಅರ್ಧ ಅಜ್ಜಿಯಿಂದ ಫೋನಿನಲ್ಲಿ ಬಂದದ್ದು, ಉಳಿದರ್ಧ ಆ ಕಾರಿಡಾರಿನಲ್ಲಿ ಬಂದದ್ದು.

ಹೊಸಬರು ಯಾರೇ ಬಂದರೂ ಚಾಚಾ ಬಾಗಿಲಲ್ಲೇ ನಿಂತು ಒಂದು ಸಣ್ಣ ಭಾಷಣ ಮಾಡುತ್ತಿದ್ದರು. ಬೆಲೆಬಾಳುವ ವಸ್ತುಗಳನ್ನು ಎಲ್ಲಿ ಇಡಬಾರದು ಎಂಬುದೇ ಅದರ ವಿಷಯ. "ಹಾಸಿಗೆಯ ಅಡಿಯಲ್ಲಿ ಪಾಸ್‌ಪೋರ್ಟ್ ಇಡಬೇಡಿ. ದಿಂಬಿನ ಕವರಿನೊಳಗೆ ಚಿನ್ನ ಇಡಲೇಬೇಡಿ, ಆ ಕವರು ಬೆಳಿಗ್ಗೆ ಲಾಂಡ್ರಿಗೆ ಹೋಗ್ತದೆ, ಮತ್ತೆ ಯಾರ ತಲೆಯಡಿಗೆ ಬರ್ತದೋ ಅಲ್ಲಾಹನಿಗೇ ಗೊತ್ತು. ಕಪಾಟಿನಲ್ಲಿ ಲಾಕರ್ ಉಂಟು, ಅದರಲ್ಲಿ ಇಡಿ. ಆದ್ರೆ ಮಾರಾಯ್ರೆ, ಏಳು ಎಂಟು ಆರು ಮಾತ್ರ ನಂಬರ್ ಇಡಬೇಡಿ."

ಈ ಕೊನೆಯ ಮಾತಿಗೆ ಎಲ್ಲರೂ ನಗುತ್ತಿದ್ದರು. ನಮ್ಮ ಕಡೆಯ ಮುಸ್ಲಿಮರಿಗೆ ೭೮೬ ಬರಕತ್ತಿನ, ಶುಭದ ಸಂಖ್ಯೆ. ಅಂಗಡಿಯ ಬೋರ್ಡಿನ ಮೇಲೆ, ಲಾರಿಯ ಹಣೆಯ ಮೇಲೆ, ಮದುವೆಯ ಕಾಗದದ ತುದಿಯಲ್ಲಿ ಅದೇ ಇರುತ್ತದೆ. ಹೋಟೆಲಿನ ಲಾಕರು ನಂಬರು ಕೇಳಿದರೆ ಬೆರಳು ತಾನಾಗಿ ಅದಕ್ಕೇ ಹೋಗುತ್ತದೆ. "ಈ ಮಹಡಿಯಲ್ಲಿ ಅರ್ಧ ಲಾಕರು ನಾನು ಕಣ್ಣು ಮುಚ್ಚಿ ತೆಗೀಬಹುದು. ನನಗೆ ಆಗ್ತದೆ ಅಂದ್ರೆ ಬೇರೆಯವನಿಗೂ ಆಗ್ತದೆ ಅಲ್ವಾ?" ಎಂದು ಚಾಚಾ ಹೇಳುತ್ತಿದ್ದರು. ಎಷ್ಟೋ ವರ್ಷ ಅದನ್ನು ಅವರು ಹೇಳಿದ್ದರು. ಯಾರೂ ಅದನ್ನು ತಪ್ಪಾಗಿ ತಿಳಿದಿರಲಿಲ್ಲ.

ನಾನು ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದ ಕಾಲ. ರಜೆಗೆ ಜಿದ್ದಾಕ್ಕೆ ಬಂದಿದ್ದೆ. ಊರಿನಿಂದ ನನ್ನ ತಾಯಿಯ ಅಣ್ಣ, ಅವರ ಹೆಂಡತಿ ಮತ್ತು ಅಜ್ಜಿ ಉಮ್ರಾಕ್ಕೆ ಬಂದರು. ಆ ಹೋಟೆಲಿನಲ್ಲೇ ಅಕ್ಕಪಕ್ಕ ಎರಡು ಕೋಣೆ ಹಿಡಿದೆವು; ಒಂದರಲ್ಲಿ ನಾವು, ಇನ್ನೊಂದರಲ್ಲಿ ಅವರು ಮೂವರು. ಮಾಮಿಯ ಕೈಯಲ್ಲಿ ನಾಲ್ಕು ದಪ್ಪ ಬಳೆಗಳಿದ್ದವು. ಜನಜಂಗುಳಿಯಲ್ಲಿ ಬೇಡವೆಂದು ತೆಗೆದು ಮಾಮನ ಕೈಗೆ ಕೊಟ್ಟರು. ಮಾಮನ ಕಾರಿನ ನಂಬರು ೭೮೬, ಮೊಬೈಲಿನ ಕೊನೆಯೂ ಅದೇ. ಚಾಚಾ ಬಾಗಿಲಲ್ಲಿ ಭಾಷಣ ಮುಗಿಸುತ್ತಿರುವಾಗಲೇ ಮಾಮ ನಗುತ್ತಾ ಲಾಕರಿಗೆ ಅದನ್ನು ಒತ್ತಿ, ಮುಂದೊಂದು ಸೊನ್ನೆ ಸೇರಿಸಿದರು. "ಈಗ ಯಾರಿಗೂ ಗೊತ್ತಾಗುದಿಲ್ಲ," ಎಂದರು. ಚಾಚಾ ಗೋಡೆ ನೋಡಿಕೊಂಡೇ, "ಒತ್ತುವ ಶಬ್ದ ನಾಲ್ಕು ಸಲ ಕೇಳ್ತು ಮಾರಾಯ್ರೆ," ಎಂದರು.

ಅಜ್ಜಿಗೂ ಅವರಿಗೂ ಮೊದಲ ದಿನವೇ ಹೊಂದಿತು. ಜಗಳವಾಡುವ ಹೊಂದಾಣಿಕೆ.

"ನಿಮ್ಮ ಊರಿನ ಬಿರಿಯಾನಿಯಲ್ಲಿ ಈರುಳ್ಳಿ ಬಿಟ್ಟು ಬೇರೆ ಎಂತ ಉಂಟು?" ಎಂದು ಅಜ್ಜಿ ಕೇಳಿದರೆ, "ನಿಮ್ಮ ಪತ್ತಿರ್ ರೊಟ್ಟಿಯಲ್ಲಿ ಹೊಡೆದ್ರೆ ಈ ಕಿಟಕಿ ಒಡೀತದೆ ಅಜ್ಜಿ," ಎಂದು ಅವರು.

ಮಕ್ಕಾಕ್ಕೆ ಹೋದ ನಮ್ಮ ಹಿರಿಯರು ತಮ್ಮ ಕಫನಿನ ಬಟ್ಟೆಯನ್ನು ತಾವೇ ಕೊಂಡು, ಅಲ್ಲಿನ ಪವಿತ್ರ ಝಂಝಂ ನೀರಿನಲ್ಲಿ ಅದ್ದಿ, ಒಣಗಿಸಿ ಊರಿಗೆ ತರುವುದುಂಟು. ಸತ್ತ ಮೇಲೆ ಮೈಯನ್ನು ಅದರಲ್ಲೇ ಸುತ್ತಬೇಕು ಎಂಬ ಆಸೆ. ಅಜ್ಜಿಯೂ ಬಿಳಿ ಬಟ್ಟೆ ಕೊಂಡು ಬಕೆಟಿನಲ್ಲಿ ಅದ್ದಿದರು. ಒಣಗಿಸಲು ಜಾಗವಿರಲಿಲ್ಲ. ಚಾಚಾ ಅದನ್ನು ತಮ್ಮ ಬಟ್ಟೆಯ ಕೋಣೆಗೆ ಒಯ್ದು ಹರವಿದರು.

"ಬೆಡ್‌ಶೀಟ್ ಅಂತ ಯಾರ ಹಾಸಿಗೆಗಾದ್ರೂ ಹಾಕಿಬಿಡಬೇಡ ಮಾರಾಯ," ಎಂದು ಅಜ್ಜಿ ಕೂಗಿ ಹೇಳಿದರು.

"ಹಾಕಿದ್ರೆ ಅವರಿಗೆ ಒಳ್ಳೆ ನಿದ್ರೆ ಬರ್ತದೆ ಬಿಡಿ," ಎಂದರು ಚಾಚಾ.

ಮರುದಿನ ಹೋಟೆಲಿನ ಹಾಸುಬಟ್ಟೆಯಂತೆಯೇ ಅಂಚಿಗೆ ಅಂಚು ಕೂಡಿಸಿ, ಬಿಗಿಯಾಗಿ ಮಡಚಿ ತಂದುಕೊಟ್ಟರು. ಅಜ್ಜಿ ಅದಕ್ಕೆ ಮುತ್ತಿಟ್ಟು ಚೀಲದ ತಳದಲ್ಲಿ ಇಟ್ಟರು.

ಹೊರಡುವ ಹಿಂದಿನ ದಿನ ಮಂಡಿನೋವೆಂದು ಅಜ್ಜಿ ಕೋಣೆಯಲ್ಲೇ ಉಳಿದರು. ನಾವೆಲ್ಲ ಹರಮಿಗೆ, ಕಾಬಾದ ಮಸೀದಿಗೆ, ಹೋದೆವು. ಚಾಚಾ ಚಹಾ ಬೇಕೇ ಎಂದು ಕೇಳಲು ಬಾಗಿಲು ತಟ್ಟಿದ್ದಾರೆ. ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಉತ್ತರವಿಲ್ಲ. ಮತ್ತೆ ತಟ್ಟಿ, ಕೊನೆಗೆ ತಮ್ಮ ಕಾರ್ಡಿನಿಂದ ಬಾಗಿಲು ತೆರೆದಿದ್ದಾರೆ. ಅಜ್ಜಿ ನೆಲದ ಮೇಲೆ ಬಿದ್ದಿದ್ದರು, ಬಾಯಿ ಒಂದು ಕಡೆ ವಾಲಿತ್ತು. ಆಂಬುಲೆನ್ಸ್ ಕರೆದದ್ದು, ಬರುವವರೆಗೆ ಅಜ್ಜಿಯ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟು ಕೂತದ್ದು, ಬಾಪನಿಗೆ ಫೋನ್ ಮಾಡಿದ್ದು ಎಲ್ಲ ಅವರೇ. ಇನ್ನು ಸ್ವಲ್ಪ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಜೀವ ಉಳಿಯಿತು. ಬಲಭಾಗ ಮತ್ತು ಮಾತು ಹೋದವು.

ಆಸ್ಪತ್ರೆಯಿಂದ ಬಂದು ಮಾಮ ಲಾಕರು ತೆರೆದಾಗ ಪಾಸ್‌ಪೋರ್ಟುಗಳಿದ್ದವು, ಹಣವಿತ್ತು. ಬಳೆಗಳಿರಲಿಲ್ಲ.

ಕೋಣೆಯನ್ನೆಲ್ಲ ಜಾಲಾಡಿದೆವು. ಮಾಮಿ ಎಲ್ಲರ ಚೀಲಗಳನ್ನೂ ಹಾಸಿಗೆಯ ಮೇಲೆ ಸುರುವಿದರು. ಅಜ್ಜಿಯ ಚೀಲವನ್ನೂ ಖಾಲಿ ಮಾಡಿದರು. ಕಫನಿನ ಕಟ್ಟನ್ನು ಮಾತ್ರ ಬಿಸ್ಮಿಲ್ಲಾ ಹೇಳಿ ಎರಡೂ ಕೈಯಲ್ಲಿ ಎತ್ತಿ ಬದಿಗಿಟ್ಟರು. ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿರುವವರ ಕಫನನ್ನು ಯಾರು ಬಿಚ್ಚುತ್ತಾರೆ?

ಮ್ಯಾನೇಜರ್ ಬಂದ. ಬಾಗಿಲ ಬೀಗದಲ್ಲಿ ಯಾರ ಕಾರ್ಡು ಯಾವಾಗ ತಾಗಿತು ಎಂಬ ಗುರುತು ಉಳಿಯುತ್ತದೆ. ನಾವು ಹೋದ ಮೇಲೆ ತಾಗಿದ್ದು ಒಂದೇ ಕಾರ್ಡು.

"ನಂಬರ್ ಯಾರಿಗೆ ಗೊತ್ತಿತ್ತು?" ಎಂದು ಅವನು ಕೇಳಿದ್ದನ್ನು ಬಾಪ ಕನ್ನಡಕ್ಕೆ ತಿರುಗಿಸಿದರು.

"ಅವನಿಗೆ ಗೊತ್ತಿತ್ತು," ಎಂದರು ಮಾಮ. "ಇಲ್ಲೇ ನಿಂತು ಬಾಯಿಬಿಟ್ಟು ಹೇಳಿದ್ದಾನೆ. ಕೇಳಿ ಬೇಕಾದ್ರೆ."

ನಾನು ಅಡ್ಡ ಮಾತಾಡುವವಳಲ್ಲ. ಆದರೂ ಹೇಳಿದೆ: "ಮಾಮ, ಅವರು ಹೇಳಿದ್ದು ಆ ನಂಬರ್ ಇಡಬೇಡಿ ಅಂತ. ಎಲ್ಲರಿಗೂ ಹೇಳ್ತಾರೆ. ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ."

"ಅದನ್ನೇ ನಾನೂ ಹೇಳುದು! ಅರ್ಧ ಲಾಕರು ಕಣ್ಣು ಮುಚ್ಚಿ ತೆಗೀತೇನೆ ಅಂತ ಅವನೇ ಹೇಳ್ಲಿಲ್ವಾ?"

ಬಾಪ ಅದನ್ನು ಅರಬಿಗೆ ತಿರುಗಿಸಲು ಹಿಂಜರಿದರು. ಮಾಮನೇ ಹರಕು ಅರಬಿಯಲ್ಲಿ ಹೇಳಿ ಮುಗಿಸಿದರು.

ಅಂದು ಚಾಚಾ ಗೋಡೆಯ ಕಡೆ ತಿರುಗಿರಲಿಲ್ಲ. ನಮ್ಮೆಲ್ಲರನ್ನೂ ನೋಡುತ್ತಾ ನಿಂತಿದ್ದರು. "ಬಾಗಿಲು ನಾನು ತೆಗೆದದ್ದು ಹೌದು. ಅಜ್ಜಿ ಬಿದ್ದಿದ್ರು. ನಾನು ಕಪಾಟಿನ ಕಡೆ ನೋಡ್ಲೇ ಇಲ್ಲ," ಎಂದರು. ಇಷ್ಟನ್ನೇ ಮತ್ತೆ ಮತ್ತೆ, ಕನ್ನಡದಲ್ಲೂ ಉರ್ದುವಿನಲ್ಲೂ ಅರಬಿಯಲ್ಲೂ ಹೇಳಿದರು. ಮಾಮ ದೂರಿಗೆ ಸಹಿ ಹಾಕಿದರು. ಪೊಲೀಸರು ಕರೆದುಕೊಂಡು ಹೋದರು.

ಸಾಕ್ಷಿ ಸಿಗದೆ ಕೆಲವು ವಾರಗಳ ನಂತರ ಅವರನ್ನು ಬಿಟ್ಟರಂತೆ. ಹೋಟೆಲಿನವರು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಅಲ್ಲಿ ಇರಲು ಬೇಕಾದ ಪರವಾನಗಿ ಇಕಾಮಾ ಮುಗಿಸಿ, ಆ ಕೆಲಸಕ್ಕೆ ಮರಳಲಾಗದ ಫೈನಲ್ ಎಕ್ಸಿಟ್ ಹೊಡೆದು ಊರಿಗೆ ಕಳುಹಿಸಿದರು. ಇದೆಲ್ಲ ಬಾಪನ ಕಿವಿಗೆ ಬಿದ್ದ ಸುದ್ದಿ. ಮನೆಯಲ್ಲಿ ಬಾಪ ಅದನ್ನು ಒಂದೇ ಸಲ ಹೇಳಿದರು.

ಅಜ್ಜಿಯನ್ನು ಊರಿಗೆ ಕರೆತಂದು ಮಾಮನ ಮನೆಯಲ್ಲಿ ಮಲಗಿಸಿದರು. ನಾನು ಕಾಲೇಜಿಗೆ ರಜೆಯಿದ್ದಾಗ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಎಚ್ಚರವಿದ್ದಾಗಲೆಲ್ಲ ಅಜ್ಜಿ ಎಡಗೈ ಎತ್ತಿ ಕಪಾಟಿನ ಕಡೆ ತೋರಿಸುತ್ತಿದ್ದರು. ಗಂಟಲಿನಿಂದ ಒಂದು ಶಬ್ದ ಬರುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕಪಾಟಿನ ಮೇಲಿನ ಹಲಗೆಯಲ್ಲಿ ಕಫನು ಇತ್ತು. ಎಲ್ಲರಿಗೂ ಗೊತ್ತಿತ್ತು. "ಉಮ್ಮಾ, ಈಗ ಅದರ ಮಾತು ಬೇಡ. ನೀವು ಹುಷಾರಾಗ್ತೀರಿ," ಎಂದು ಮಾಮ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಡುತ್ತಿದ್ದರು. ಅದು ಮತ್ತೆ ಏಳುತ್ತಿತ್ತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅದು ಹಾಗೆ ಏಳುತ್ತಲೇ ಇತ್ತು. ಕೊನೆಗೆ ಕಪಾಟು ಕಾಣದಂತೆ ಮಂಚವನ್ನು ಆಚೆಗೆ ತಿರುಗಿಸಿದರು, ಅಜ್ಜಿಗೆ ಸಾವಿನ ಯೋಚನೆ ಬಾರದಿರಲಿ ಎಂದು.

ಅಜ್ಜಿ ತೀರಿದ ದಿನ ಮೈ ತೊಳೆಯಲು ಬಂದ ಹೆಂಗಸು ಕಫನು ಕೇಳಿದಳು. ಮಾಮಿ ತಂದುಕೊಟ್ಟರು. ಹೋಟೆಲಿನ ಆ ಬಿಗಿ ಮಡಿಕೆ ಹಾಗೆಯೇ ಇತ್ತು. ಬಿಚ್ಚಿ ಕೊಡವಿದಾಗ ಅಜ್ಜಿಯ ಕರವಸ್ತ್ರದ ಗಂಟೊಂದು ನೆಲಕ್ಕೆ ಬಿತ್ತು. ಶಬ್ದ ಕೇಳಿದೊಡನೆ ಮಾಮಿಗೆ ಗೊತ್ತಾಯಿತು. ಗಂಟು ಬಿಚ್ಚಿದ್ದು ನಾನು. ನಾಲ್ಕು ಬಳೆಗಳು.

ಜಿದ್ದಾದಿಂದ ಬಂದಿದ್ದ ನನ್ನ ತಾಯಿ ಅಳಲಿಲ್ಲ. "ಉಮ್ಮ ಆ ಮನುಷ್ಯನ ಮಾತು ಕೇಳಿದ್ದಾರೆ," ಎಂದರು. ಆ ಲಾಕರು ಭದ್ರವಲ್ಲವೆಂದು ಬಾಗಿಲಲ್ಲಿ ಕೇಳಿದ ಅಜ್ಜಿ, ನಾವು ಹೊರಗೆ ಹೋದಾಗ ಮನೆಮಂದಿಗೆಲ್ಲ ಗೊತ್ತಿದ್ದ ಆ ನಂಬರನ್ನೇ ಒತ್ತಿ, ಬಳೆಗಳನ್ನು ಯಾರೂ ಕೈಹಾಕದ ಜಾಗಕ್ಕೆ ಸೇರಿಸಿದ್ದರು. ಬಂದ ಮೇಲೆ ಹೇಳೋಣ ಎಂದುಕೊಂಡಿರಬೇಕು.

ಮೈ ತೊಳೆಯುವ ಹೆಂಗಸು, "ಮೊದಲು ಇವರದ್ದು ಮುಗಿಸುವ," ಎಂದಳು.

ಮಾಮನಿಗೆ ಅಂಗಳದಲ್ಲಿ ಹೇಳಿದೆವು. ಅವರು, ಈಗಲೇ ಯಾರಿಗೂ ಹೇಳಬೇಡಿ, ಜನ ಉಮ್ಮನ ಬಗ್ಗೆ ಮಾತಾಡ್ತಾರೆ ಎಂದರು. ಅವರು ಒಳ್ಳೆಯ ಮಗ. ಒಂದು ವರ್ಷ ತಾಯಿಯ ಮೈ ಒರೆಸಿದವರು. ಅವರ ಕಣ್ಣಿಗೆ ತಾಯಿಯ ಹೆಸರು ಕಾಣಿಸುತ್ತಿತ್ತು. ಇನ್ನೊಬ್ಬರ ಹೆಸರು ಕಾಣಿಸುತ್ತಿರಲಿಲ್ಲ.

ನಾನೂ ನನ್ನ ತಾಯಿಯೂ ವಿಳಾಸ ಹುಡುಕಿಕೊಂಡು ಚಾಚಾರ ಊರಿಗೆ ಹೋದೆವು. ಅವರು ಭಾವನ ದಿನಸಿ ಅಂಗಡಿಯಲ್ಲಿ ಅಕ್ಕಿ ತೂಗುವ ಕೆಲಸ ಮಾಡುತ್ತಿದ್ದರು. ಗಲ್ಲಾಪೆಟ್ಟಿಗೆಯ ಹತ್ತಿರ ಅವರನ್ನು ಕೂರಿಸುತ್ತಿರಲಿಲ್ಲ. ಅವರ ವಿಮಾನ ಇಳಿಯುವ ಮೊದಲೇ ಹಾಜಿಗಳ ಚಿನ್ನ ಕದ್ದವನು ಎಂಬ ಮಾತು ಊರಿಗೆ ಬಂದು ಇಳಿದಿತ್ತು. ಬಹಳ ಸೊರಗಿದ್ದರು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ತಾಯಿ ಎಲ್ಲವನ್ನೂ ಹೇಳಿದರು. ಅವರು ತಕ್ಕಡಿಯ ಕಡೆ ನೋಡುತ್ತಾ ಕೇಳಿದರು.

"ಅಜ್ಜಿಗೆ ಕೊನೆಗೆ ಮಾತು ಬಂತಾ?"

"ಇಲ್ಲ."

"ಹಾಗಾದ್ರೆ ಅವರಿಗೆ ನನಗಿಂತ ಹೆಚ್ಚು ಕಷ್ಟ ಆಗಿರಬೇಕು." ತಕ್ಕಡಿಗೆ ಒಂದು ಹಿಡಿ ಅಕ್ಕಿ ಹಾಕಿ, "ಇಷ್ಟು ವರ್ಷ ಹೇಳಿದ್ದಕ್ಕೆ ನನ್ನ ಮಾತು ಕೇಳಿದ್ದು ಅವರೊಬ್ಬರೇ," ಎಂದರು. ಅದು ಅವರ ಹಳೆಯ ಹಾಸ್ಯದ ದನಿಯೇ ಇರಬಹುದು. ನಮಗೆ ನಗಲು ಆಗಲಿಲ್ಲ.

ಹೊರಡುವಾಗ ತಾಯಿಯ ಹತ್ತಿರ ಒಂದೇ ಒಂದು ಕೇಳಿದರು. "ನಿಮ್ಮ ಅಣ್ಣನಿಗೆ ಹೇಳಿ. ಒಂದು ಶುಕ್ರವಾರ ಇಲ್ಲಿ ಬರ್ಲಿ. ನಮಾಜು ಮುಗಿದ ಮೇಲೆ ಮಸೀದಿಯ ಎದುರು ನಾಲ್ಕು ಜನರಿಗೆ ಕೇಳುವ ಹಾಗೆ ಇದನ್ನು ಹೇಳ್ಲಿ. ನೀವು ಹೇಳಿದ್ರೆ ಆಗುದಿಲ್ಲ. ಸಹಿ ಹಾಕಿದವರೇ ಹೇಳ್ಬೇಕು."

ಮಾಮ ಒಪ್ಪಿದರು. ಅಜ್ಜಿಯ ನಲವತ್ತನೇ ದಿನ ಕಳೆಯಲಿ ಎಂದರು. ಅದು ಕಳೆಯಿತು. ಮಳೆ ನಿಲ್ಲಲಿ ಎಂದರು. ನಾನು ಹೋಟೆಲಿಗೆ ಇಮೇಲ್ ಬರೆದೆ, ಉತ್ತರ ಬರಲಿಲ್ಲ. ಮಗಳ ಮದುವೆ ಮುಗಿದ ಮರುವಾರವೇ ಹೋಗುತ್ತೇನೆ ಎಂದು ಮಾಮ ತಾಯಿಗೆ ಮಾತು ಕೊಟ್ಟರು. ಆ ಮದುವೆಯ ಊಟದ ಹೊತ್ತಿನಲ್ಲಿ ಚಾಚಾರ ಮಗ ಫೋನ್ ಮಾಡಿ, ತಂದೆ ಬೆಳಿಗ್ಗೆ ಹೋದರು ಎಂದ.

ಮಾಮ ಮದುವೆಯ ಬಟ್ಟೆಯಲ್ಲೇ ಕಾರು ಹತ್ತಿದರು. ತಲುಪುವಾಗ ಜನಾಝಾ ನಮಾಜು ಮುಗಿದಿತ್ತು, ಜನ ಕಬರಿನ ಹತ್ತಿರ ಇದ್ದರು. ಅಲ್ಲಿ ನಡೆದದ್ದನ್ನು ಆಮೇಲೆ ನನಗೆ ಹೇಳಿದ್ದು ಚಾಚಾರ ಮಗ. ಮಣ್ಣು ಹಾಕುವ ಮೊದಲು ಮಾಮ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರಂತೆ: ಇವರು ಏನನ್ನೂ ಕದ್ದಿಲ್ಲ, ದೂರು ಕೊಟ್ಟವನು ನಾನು, ನನ್ನ ತಾಯಿಯ ಜೀವ ಉಳಿಸಿದವರು ಇವರು. ನಾಲ್ಕಲ್ಲ, ನೂರಾರು ಜನ ಕೇಳಿಸಿಕೊಂಡರಂತೆ.

ಕಬರಿನಲ್ಲಿ ಮೈಯನ್ನು ಬಲಮಗ್ಗುಲಿಗೆ ಮಲಗಿಸಿ, ಮುಖವನ್ನು ಕಾಬಾದ ಕಡೆಯ ಮಣ್ಣಿನ ಗೋಡೆಗೆ ತಿರುಗಿಸುತ್ತಾರೆ. ಮಾಮ ನಿಂತದ್ದು ಯಾವ ಬದಿಯಲ್ಲಿ ಎಂದು ನಾನು ಆ ಹುಡುಗನನ್ನು ಕೇಳಿದೆ. ಹಿಂದೆ, ಎಂದ.

ಮಾಮ ಹೇಳಿದ್ದು ಅವರ ಬೆನ್ನಿಗೆ.