ಕಾಯಿ ಅಟ್ಟದ ಕೆಳಗಿನ ಕಾರು

ಹಳೆಯ ಕಾರನ್ನು ನೋಡಲು ಹೋದವರು, ನೀವು ಗಮನಿಸಿದ್ದೀರೋ ಇಲ್ಲವೋ, ಮೊದಲು ಅದರ ಟೈರಿಗೊಂದು ಒದೆ ಕೊಡುತ್ತಾರೆ. ಹಲಸಿನ ಹಣ್ಣನ್ನು ತಟ್ಟುವುದಕ್ಕೆ ಅರ್ಥವಿದೆ, ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದಕ್ಕೆ ಶಾಸ್ತ್ರವಿದೆ. ಆದರೆ ಒದೆಸಿಕೊಂಡ ಟೈರು ಏನು ಉತ್ತರ ಕೊಟ್ಟರೆ ಕಾರು ಒಳ್ಳೆಯದು, ಏನು ಕೊಟ್ಟರೆ ಕೆಟ್ಟದ್ದು ಎಂಬುದನ್ನು ಇಷ್ಟು ವರ್ಷ ಇಂಜಿನ್‌ಗಳ ಜೊತೆ ಬಾಳಿದ ನಾನೂ ಅರಿಯೆ. ಹಾಗಿದ್ದೂ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದ ಒಂದು ಭಾನುವಾರ, ಚೇಳೂರಿನ ತೋಟದ ಮನೆಯೊಂದರಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ ಹಡಗಿನಲ್ಲಿ ಬಂದಿಳಿದಿದ್ದ ಕರಿ ಕಾರಿನೆದುರು ನಿಂತಾಗ ನನ್ನ ಬಲಗಾಲು ನನ್ನನ್ನು ಕೇಳದೆಯೇ ಹೋಗಿ ಒದ್ದು ಬಂತು. ಟೈರು ಮೌನ ವಹಿಸಿತು. ಮಾತಾಡಿದ್ದು ನನ್ನ ಹೆಬ್ಬೆರಳು.

ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ನಾನು. ಕುಣಿಗಲ್ಲಿನ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತು, ತುಮಕೂರಿನ ಬಟವಾಡಿಯಲ್ಲಿ ಸ್ವಂತ ವರ್ಕ್‌ಶಾಪು ಇಟ್ಟವನು. ಓದಿದವರು ಪುಸ್ತಕ ತಿರುವಿ ಹೇಳುವುದನ್ನು ಬಾನೆಟ್ಟಿಗೆ ಕಿವಿಗೊಟ್ಟು ಹೇಳಬಲ್ಲೆನೆಂಬ ಅಹಂಕಾರ ನನಗಿತ್ತು. ಈಗಲೂ ಇದೆ, ಕಾಲಕಾಲಕ್ಕೆ ಸರ್ವೀಸು ಮಾಡಿಸಿ ಇಟ್ಟುಕೊಂಡಿದ್ದೇನೆ. ಆದರೆ ಪರರ ಕಾರುಗಳ ಕೆಳಗೆ ಅರ್ಧ ಆಯುಷ್ಯ ಮಲಗಿ ಕಳೆದ ನನಗೆ ಮೇಲೆ ಕುಳಿತುಕೊಳ್ಳಲು ಸ್ವಂತದ್ದೊಂದು ಇರಲಿಲ್ಲ. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿದ್ದ ದಿನಗಳವು. ಹಳೆಯದೊಂದನ್ನು ಶೆಟ್ಟಿಹಳ್ಳಿಯ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, ಬಿಡುವಿನಲ್ಲಿ ಕೈಯಾರೆ ಜೀವ ಬರಿಸಬೇಕೆಂಬುದು ನನ್ನ ಬಹುದಿನಗಳ ಆಸೆ. ಈ ಕಾರಿನ ಸುದ್ದಿ ಕಿವಿಗೆ ಬಿದ್ದದ್ದೇ ಹೊರಟುಬಿಟ್ಟೆ. ನನ್ನ ಹೆಂಡತಿ ಗಿರಿಜ, ಗುಬ್ಬಿಯಲ್ಲಿ ಅವಳ ಅಕ್ಕನ ಮನೆಗೆ ಹೋಗುವ ನೆಪದಲ್ಲಿ ಅದೇ ಬಸ್ಸು ಹತ್ತಿದಳು. ನೆಪ ಗುಬ್ಬಿಯಲ್ಲಿ ಇಳಿಯಿತು, ಹೆಂಡತಿ ಇಳಿಯಲಿಲ್ಲ.

ಆ ಸೀಮೆಯಲ್ಲಿ ತೆಂಗಿನಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಚಿಪ್ಪಿನೊಳಗೇ ಕೊಬ್ಬರಿಯಾಗಲು ಅವಕಾಶ ಕೊಡುತ್ತಾರೆ. ಅಂಥ ಅಟ್ಟದ ಮೇಲೆ ಕಾಯಿ, ಕೆಳಗೆ ಕಾರು. ಕಂಪನಿ ಹೆಸರಿನ ಬಿಲ್ಲೆಯನ್ನು ಯಾರೋ ಕಿತ್ತಿದ್ದರಿಂದ ಊರಿನವರಿಗೆ ಅದು ಬರೀ ‘ಕರಿ ಕಾರು’. ಯಜಮಾನರು ತೀರಿಕೊಂಡು ಹನ್ನೊಂದು ವರ್ಷ. ತೋಟವನ್ನು ನೋಡಿಕೊಳ್ಳುತ್ತಿದ್ದವರು ಅವರ ಮಡದಿ ರುದ್ರಮ್ಮನವರು, ಸೊಂಟಕ್ಕೆ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡ ಗಟ್ಟಿ ದನಿಯ ಹೆಂಗಸು.

“ನೋಡಪ್ಪಾ ಮೇಸ್ತ್ರಿ, ನಂಗೆ ಜಾಗ ಬೇಕು, ಅಷ್ಟೆಯ. ನಾಳೆ ಬೆಳಿಗ್ಗೆ ಗುಜರಿಯವ್ನು ಗ್ಯಾಸ್ ಕಟ್ಟರ್ ತಂದು ಕೊಯ್ಕೊಂಡು ಹೋಯ್ತಾನೆ. ನಿಂಗೆ ಬೇಕು ಅಂದ್ರೆ ಇವತ್ತೇ ಹೇಳ್ಬುಡು.”

ಹೀಗೆ, ತಿಂಗಳುಗಟ್ಟಲೆ ಧ್ಯಾನಿಸಬೇಕಾದ ಪ್ರಶ್ನೆಗೆ ಒಂದು ಮಧ್ಯಾಹ್ನದ ವಾಯಿದೆ ಬಿತ್ತು.

ಅಂಗಿ ಕಳಚಿಟ್ಟು ಕಾರಿನ ಕೆಳಗೆ ನುಸುಳಿದೆ. ತಳದ ತಗಡಿಗೆ ಬೆರಳು ಒತ್ತಿದರೆ ಹಪ್ಪಳದಂತೆ ಮುರಿದು ಕೈ ಒಳಗೇ ಹೋಯಿತು. ನಿರಾಸೆಯಿಂದ ಜಾಕು ಹಾಕಿ ಚಕ್ರ ತಿರುಗಿಸಿದರೆ, ನಿನ್ನೆ ತಾನೇ ಗ್ರೀಸು ಕಂಡಂತೆ ಸಲೀಸಾಗಿ ತಿರುಗಿತು. ಒಂದೇ ಸೂರಿನ ಕೆಳಗೆ ಮಳೆ ಕಾಣದೆ ನಿಂತ ಕಾರಿನ ತಳ ಕೊಳೆತು, ಚಕ್ರ ಮಾತ್ರ ಹರೆಯದಲ್ಲಿರುವುದೆಂದರೇನು? ಕೊಳ್ಳುವ ಯೋಚನೆ ಹಿಂದೆ ಸರಿದು ಕುತೂಹಲ ಮುಂದಿನ ಸೀಟಿಗೆ ಬಂದು ಕೂತಿತು.

ರುದ್ರಮ್ಮನವರನ್ನೇ ಕೇಳಿದೆ.

“ವರ್ಷಾ ವರ್ಷಾ ಆಯುಧಪೂಜೆಗೆ ಬಿಂದಿಗೆಗಟ್ಲೆ ನೀರು ಉಯ್ದು ಒಳಗೂ ಹೊರಗೂ ತೊಳೀತಿದ್ವಿ. ಆಮೇಲೆ ನಿಂಬೆಹಣ್ಣಿನ ಮೇಲೆ ಹತ್ಸಿ, ತಿರ್ಗಾ ಹಿಂದಕ್ಕೆ ತಳ್ಳಿ ನಿಲ್ಸ್‌ತಿದ್ವಿ. ಓಡ್ದೇ ಇದ್ರೇನು, ಪೂಜೆ ಬುಡಕ್ಕಾಯ್ತದಾ?”

ನನಗೆ ಹೊಳೆಯಿತು. ಒರೆಸುವವರಿಲ್ಲದೆ ತಳದಲ್ಲಿ ಉಳಿದ ಪೂಜೆಯ ನೀರು ತಗಡನ್ನು ತಿಂದಿತ್ತು. ಅದೇ ಪೂಜೆಯ ನಾಲ್ಕು ನಿಂಬೆಹಣ್ಣು ವರ್ಷಕ್ಕೊಂದು ಸಲ ಚಕ್ರವನ್ನು ಅಲುಗಿಸಿ ಕಾಪಾಡಿತ್ತು. ಒಂದೇ ಭಕ್ತಿ ಒಂದು ಕಡೆ ತುಕ್ಕು, ಇನ್ನೊಂದು ಕಡೆ ರಕ್ಷೆ. ಹಾಗಾದರೆ ಇಂಜಿನ್ನು? ಅದಕ್ಕೆ ಯಾರೂ ನಿಂಬೆಹಣ್ಣು ಇಟ್ಟಿರಲಾರರು, ಒಳಗೆ ತುಕ್ಕು ಹಿಡಿದು ಕಲ್ಲಾಗಿರುತ್ತದೆಂದುಕೊಂಡೇ ಮುಂದಿನಿಂದ ಹ್ಯಾಂಡಲು ಸಿಕ್ಕಿಸಿ ತಿರುವಿದೆ. ಒಂದು ಕ್ಷಣ ಬಿಗಿದು, ಆಮೇಲೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ ಉಸ್ಸೆಂದು ಅರ್ಧ ಸುತ್ತು ಬಂತು.

“ಇದ್ಹೆಂಗಮ್ಮಾ ತಿರುಗ್ತು?” ಎಂದು ಕೂಗಿಯೇಬಿಟ್ಟೆ.

“ನಮ್ಮೆಜಮಾನ್ರು ಕಾಯಿಲೆ ಬಿದ್ದು ಮಲಗಿದ್ದಾಗ ಹೇಳಿದ್ರಪ್ಪ, ತಳ್ಳೋವಾಗ ಗೇರಲ್ಲಿ ಇಟ್ಕೊಂಡೇ ತಳ್ಳಿ ಅಂತ. ಎಂಟಾಳು ಬೇಕಾಯ್ತಿತ್ತು, ಎಲ್ರೂ ಬಯ್ಕೊಂಡೇ ತಳ್ಳೋರು. ಯಾಕೆ ಅಂತ ನಾವ್ಯಾರೂ ಕೇಳ್ಳಿಲ್ಲ.”

ಗೇರಿನಲ್ಲಿದ್ದರೆ ಚಕ್ರದ ಜೊತೆ ಇಂಜಿನ್ನೂ ತಿರುಗುತ್ತದೆ. ತಿರುಗುತ್ತಿದ್ದ ಇಂಜಿನ್ನು ಅಷ್ಟು ಬೇಗ ಹಿಡಿದುಕೊಳ್ಳುವುದಿಲ್ಲ. ಮುಖ ಕಾಣದ ಆ ಯಜಮಾನರಿಗೆ ಎಣ್ಣೆಗೈಯಲ್ಲೇ ಮನಸ್ಸಿನಲ್ಲಿ ನಮಸ್ಕಾರ ಹಾಕಿದೆ. ಕಾರು ನನ್ನದೇ ಎಂದು ಅಲ್ಲಿಯೇ ತೀರ್ಮಾನವಾಗಿತ್ತು.

ಆಗ ಹಿಂದಿನ ಸೀಟಿನಿಂದ ಗಿರಿಜಳ ದನಿ ಬಂತು. ಯಾವಾಗಲೋ ಹೋಗಿ ಕೂತಿದ್ದಳು.

“ರೀ, ಬಿಚ್ಚೋದು ಬಿಚ್ತೀರ, ಮುಚ್ಚೋರು ಯಾರು?”

“ಏನೇ ಹಂಗಂದ್ರೆ? ಬಟವಾಡೀಲಿ ಒಂದು ಗಿರಾಕಿ ಗಾಡೀನಾದ್ರೂ ಮುಗಿಸ್ದೆ ಕಳ್ಸಿದೀನಾ?”

“ಊರೋರ ಗಾಡಿ ಮಾತಲ್ಲ. ನಮ್ಮನೇಲಿ ನೀವು ಬಿಚ್ಚಿ ಮುಚ್ಚಿರೋದು ಒಂದು ತೋರ್ಸಿ ನೋಡಾಣ. ರೇಡಿಯೋ ಹೊಟ್ಟೆ ಬಿಚ್ಕೊಂಡು ಬಿದ್ದೈತೆ. ಗಡಿಯಾರ ಬಾಣ್ಲೀಲೈತೆ. ಟೇಬಲ್ ಫ್ಯಾನು ಎಲ್ಲೈತೆ ಅಂತ ನಿಮ್ಗೂ ಗೊತ್ತಿಲ್ಲ.”

ರುದ್ರಮ್ಮನವರು ಸೆರಗು ಬಾಯಿಗಿಟ್ಟುಕೊಂಡರು. ನನಗೆ ಉರಿದುಹೋಯಿತು. ಉತ್ತರ ಕೊಡಲು ಬಾಯಿ ತೆರೆದೆ; ತೆರೆದದ್ದನ್ನು ಮುಚ್ಚಲು ಅಲ್ಲೂ ಸ್ವಲ್ಪ ಹೊತ್ತು ಹಿಡಿಯಿತು.

ವಾಚಕರೇ, ಅಭಿಮಾನಿಯಾದ ಮನುಷ್ಯನಿಗೆ ಸುಳ್ಳು ಆಪಾದನೆಯನ್ನು ಸಹಿಸುವುದು ಸುಲಭ, ನಿಜವನ್ನು ಸಹಿಸುವುದು ಕಷ್ಟ. ಅಟ್ಟದ ಕಂಬಕ್ಕೊರಗಿ ಯೋಚಿಸಿದೆ. ರೇಡಿಯೋವನ್ನು ನಾನು ಬಿಚ್ಚಿದ್ದು ಹಾಡು ಕೇಳಲಿಕ್ಕಲ್ಲ, ಅದು ಯಾಕೆ ಹಾಡುತ್ತಿಲ್ಲ ಎಂದು ತಿಳಿಯಲಿಕ್ಕೆ. ತಿಳಿದ ಕ್ಷಣಕ್ಕೆ ನನ್ನ ಮಟ್ಟಿಗೆ ಅದರ ಕೆಲಸ ಮುಗಿದುಹೋಯಿತು. ವರ್ಕ್‌ಶಾಪಿನಲ್ಲೂ ನಾನು ಇದೇ ಪ್ರಾಣಿ. ಆದರೆ ಅಲ್ಲಿ ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ, ಅವನ ಮುಖ ನೋಡಿ ಮುಚ್ಚುತ್ತೇನೆ. ಮನೆಯಲ್ಲಿ ಬಾಗಿಲಿಗೆ ನಿಲ್ಲುವವರಾರು? ಈ ಕಾರಿನ ರಹಸ್ಯವಂತೂ ಆಗಲೇ ಅರ್ಧ ಬಯಲಾಗಿತ್ತು. ಗುಜರಿಯವನು ಒಂದೇ ಬೆಳಿಗ್ಗೆಯಲ್ಲಿ ಮಾಡುವುದನ್ನು ನಾನು ವರ್ಷಗಟ್ಟಲೆ, ಸೀಮೆಎಣ್ಣೆ ಡಬ್ಬಗಳಲ್ಲಿ ವಿಂಗಡಿಸಿ, ಪ್ರೀತಿಯಿಂದ ಮಾಡುತ್ತೇನೆ, ವ್ಯತ್ಯಾಸ ಅಷ್ಟೇ. ಹನ್ನೊಂದು ವರ್ಷ ಎಂಟು ಜನ ಬೈದುಕೊಂಡು ಉಳಿಸಿದ ಇಂಜಿನ್ನಿಗೆ ಆ ಗತಿ ತರಲು ನನಗೆ ಮನಸ್ಸಾಗಲಿಲ್ಲ.

“ಬೇಡ ರುದ್ರಮ್ಮನೋರೆ,” ಎಂದೆ. “ನನ್ ಕೈಲಿ ಆಗಲ್ಲ.” ಜೀವಮಾನದಲ್ಲಿ ಒಂದು ಇಂಜಿನ್ನಿನ ಎದುರು ಈ ಮಾತನ್ನು ನಾನು ಆಡಿದ್ದು ಅದೊಂದೇ ಸಲ.

ಅಂಗಿ ತೊಟ್ಟು ಹೊರಟೆ. ಗಿರಿಜ ಸೀಟಿನಿಂದ ಏಳಲಿಲ್ಲ.

“ಬಾರೇ, ಬಸ್ ಹೋಗ್ಬುಡುತ್ತೆ.”

“ಗಿರಾಕಿ ಗಾಡಿ ಮುಗಿಸ್ದೆ ಕಳ್ಸಲ್ಲ ಅಂದ್ರಲ್ಲ, ದಿಟವಾ?”

“ದಿಟ ಕಣೇ. ಅದಕ್ಕೇನೀಗ?”

“ಹಂಗಾರೆ ಇದನ್ನ ನಾನ್ ತಗೊಂಡೆ. ಗಾಡಿ ನಂದು, ನೀವು ರಿಪೇರಿಯೋರು. ಅಮ್ಮಾ, ಪತ್ರಕ್ಕೆ ನನ್ ಹೆಸ್ರೇ ಹಾಕ್ಬುಡಿ.”

“ಹಾಕಣ ಬುಡವ್ವ,” ಎಂದು ರುದ್ರಮ್ಮನವರು ಬೀಗದ ಕೈ ಝಣಗುಟ್ಟಿಸುತ್ತ ನಕ್ಕರು. “ನಮ್ಮೆಜಮಾನ್ರಿಗೆ ನಾನೂ ಹಿಂಗೇ ಮಾಡ್ಬೇಕಿತ್ತು.”

ಕಾರು ಟ್ರ್ಯಾಕ್ಟರಿನ ಹಿಂದೆ ಶೆಟ್ಟಿಹಳ್ಳಿಗೆ ಬಂತು. ಮುಂದಿನ ಶನಿವಾರ ನಾನು ಮನೆ ಮುಂದೆ ಅದರ ಅಡಿಯಲ್ಲಿ ಮಲಗಿ, ಎರಡೂ ಕೈಯನ್ನು ಗೇರುಪೆಟ್ಟಿಗೆಗೆ ಕೊಟ್ಟು ಮೈಮರೆತಿದ್ದಾಗ, ತಲೆಯ ಹತ್ತಿರ ಎರಡು ಪಾದ ಬಂದು ನಿಂತವು.

“ಏನ್ ಮೇಸ್ತ್ರೀ, ನಮ್ ಗಾಡಿ ಎಂದಿಗೆ ಆಗುತ್ತೆ?”

ಯೋಚನೆಗೆ ಮುಂಚೆ ಕಸುಬು ಉತ್ತರ ಕೊಟ್ಟಿತು: “ಗುರುವಾರ ಬನ್ನಿ ಅಮ್ಮ.”

ಬಟವಾಡಿಯಲ್ಲಿ ಇಷ್ಟು ಹೇಳಿದರೆ ಗಿರಾಕಿ ಹೋಗುತ್ತಾನೆ. ಈ ಪಾದಗಳು ಅಲುಗಲಿಲ್ಲ.

“ಯಾವ ಗುರುವಾರ?”

ನಾನು ಈಚೆಗೆ ಬಂದು, ಕೈ ಒರೆಸಿಕೊಂಡು, ಕ್ಯಾಲೆಂಡರು ನೋಡಲು ಒಳಗೆ ಹೋದೆ.