ಗೋಂದಮ್ಮ ಕಟ್ಟಿದ ರಿಜಿಸ್ಟರ್

ನಮ್ಮ ಬೀದಿಯವರೆಲ್ಲ ದೊಡ್ಡಮ್ಮನನ್ನು ಗೋಂದಮ್ಮ ಎನ್ನುತ್ತಿದ್ದರು. ಉಗುರಿನ ಸಂದಿಯಲ್ಲಿ ಸದಾ ಗೋಂದು, ನಾಲಗೆಯ ತುದಿಯಲ್ಲಿ ಸದಾ ಜಗಳ. ಪುರಸಭೆಯ ರಿಜಿಸ್ಟರುಗಳು ಬೈಂಡಿಗೆ ಬರುತ್ತಿದ್ದದ್ದು ಅವಳ ಹತ್ತಿರವೇ. ಮುಂದಿನ ಕೋಣೆಯಲ್ಲಿ ಕಬ್ಬಿಣದ ಪ್ರೆಸ್ಸು, ಒಲೆಯ ಮೇಲೆ ಗೋಂದಿನ ಡಬ್ಬಿ, ಗೋಡೆಯ ಮೊಳೆಗೆ ದಾರದ ಲಡಿಗಳು. ಹೊಸ ಪುಸ್ತಕವನ್ನು ಯಾರಾದರೂ ಒಮ್ಮೆಗೇ ಅಗಲಿಸಿ ತೆರೆದರೆ ಕೈಮೇಲೆ ಫಟ್ಟನೆ ಏಟು ಬೀಳುತ್ತಿತ್ತು. "ಬೆನ್ನು ಮುರಿಯುತ್ತೆ ಕಣೇ. ನಿನ್ನ ಬೆನ್ನು ಹಾಗೆ ಬಗ್ಗಿಸಿದ್ರೆ ಸುಮ್ನಿರ್ತೀಯಾ?" ತಾನು ಕಟ್ಟಿದ್ದು ತಾನು ಸತ್ತ ಮೇಲೂ ಬಿಚ್ಚುವುದಿಲ್ಲ ಎಂಬ ಜಂಬ ಅವಳಿಗೆ. ಆ ಜಂಬವೇ ಮುಂದೆ ನಮ್ಮ ಕುತ್ತಿಗೆಗೆ ಬಂತು.

ಅವಳ ತಂಗಿ ನನ್ನಮ್ಮ. ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಮಿಲ್ಲಿಗೆ ಬೆಂಕಿ ಬಿತ್ತು. ಕೆಲಸದ ಹೊತ್ತಿನಲ್ಲಿ ಯಾರೂ ಆಚೆ ಹೋಗಬಾರದೆಂದು ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು. ಅಮ್ಮ ಕಿಟಕಿಯಿಂದ ಹಾರಿ ಕಾಲು ಮುರಿದುಕೊಂಡು ಬದುಕಿದಳು. ಸತ್ತವರು ಮೂವತ್ತೊಂದು ಮಂದಿ. ಪುರಸಭೆಯ ಸಾವಿನ ರಿಜಿಸ್ಟರಿನಲ್ಲಿ ಬರೆದದ್ದು ಒಂಬತ್ತು. ಉಳಿದ ಇಪ್ಪತ್ತೆರಡು ಮಂದಿ "ಕೆಲಸ ಬಿಟ್ಟು ಹೋದವರು" ಎಂದು ಮಿಲ್ಲಿನವರು ಬರೆದುಕೊಟ್ಟರು, ಸರ್ಕಾರ ತಲೆಯಾಡಿಸಿತು.

ಅಮ್ಮ ಪದ್ಯ ಬರೆದಳು. ಅದುವರೆಗೆ ಅವಳು ಬರೆದದ್ದೆಂದರೆ ಅಂಗಡಿ ಸಾಮಾನಿನ ಚೀಟಿ. ಆ ಇಪ್ಪತ್ತೆರಡು ಮಂದಿಗೆ ಇಪ್ಪತ್ತೆರಡು ಸಾಲು.

ನಾಲ್ಕನೇ ಮಗ್ಗದವಳು, ಎರಡು ಜಡೆಯವಳು, ಕೆಲಸ ಬಿಟ್ಟು ಹೋಗಲಿಲ್ಲ.
ನೂಲು ಹೊರುವ ಮುದುಕ, ಚಪ್ಪಲಿ ಕೈಯಲ್ಲಿ ಹಿಡಿದವನು, ಕೆಲಸ ಬಿಟ್ಟು ಹೋಗಲಿಲ್ಲ.

ಊರುಗೋಲು ಹಿಡಿದು ಮಿಲ್ಲಿನ ಗೇಟಿನ ಮುಂದೆ ನಿಂತು ಓದಿದಳು. ಮೂರನೇ ದಿನ ಪೊಲೀಸ್ ಜೀಪು ಬಂದು ಅವಳನ್ನು ಹತ್ತಿಸಿಕೊಂಡು ಹೋಯಿತು. ಪದ್ಯವನ್ನು ಕೇಳಿ ಬರೆದುಕೊಂಡವರ ಮನೆಗಳಿಗೆಲ್ಲ ನುಗ್ಗಿ ಕಾಗದಗಳನ್ನು ಕಿತ್ತು ಸುಟ್ಟರು. ಉಳಿದದ್ದು ಅಮ್ಮ ಪೆನ್ಸಿಲಿನಲ್ಲಿ ಬರೆದ ಹಾಳೆ ಒಂದೇ. ಅದು ದೊಡ್ಡಮ್ಮನ ಹತ್ತಿರ ಇತ್ತು.

ನಮ್ಮ ಮನೆಗೆ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಬೀದಿಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿದಾಗ ನಾನು ಗೋಂದು ಕಾಯಿಸುತ್ತಿದ್ದೆ. ಆಗ ನನಗೆ ಹತ್ತೊಂಬತ್ತು ವರ್ಷ. ಪ್ರೆಸ್ಸಿನಲ್ಲಿ ಆ ವರ್ಷದ ಸಾವಿನ ರಿಜಿಸ್ಟರ್ ಇತ್ತು. ಹೊಲಿಗೆ ಮುಗಿದಿತ್ತು, ಬೆನ್ನಿಗೆ ಬಟ್ಟೆ ಹಾಕಿರಲಿಲ್ಲ. ಬಟ್ಟೆ ಹಾಕುವ ಮೊದಲು ಬೆನ್ನಿಗೆ ಒಂದು ಪಟ್ಟಿ ರದ್ದಿ ಕಾಗದ ಅಂಟಿಸುವುದು ಬೈಂಡಿನವರ ರೂಢಿ. ದೊಡ್ಡಮ್ಮ ಬರಹ ಒಳಗೆ ಹೋಗುವಂತೆ ಹಾಳೆಯನ್ನು ಉದ್ದಕ್ಕೆ ಮಡಿಸಿದಳು. ಅಂಚಿಗೆ ಗೋಂದು ಸವರಿ ಬೆನ್ನಿಗೆ ಒತ್ತಿ, ಮೇಲೆ ಕಪ್ಪು ಬಟ್ಟೆ ಎಳೆದಳು. ಕೈ ಒರೆಸಿಕೊಳ್ಳುವಷ್ಟರಲ್ಲಿ ಅವರು ಒಳಗಿದ್ದರು.

ಹಾಸಿಗೆ ಸೀಳಿದರು, ರದ್ದಿಯ ಮೂಟೆ ಸುರಿದರು. ಇನ್ಸ್‌ಪೆಕ್ಟರ್ ಪ್ರೆಸ್ಸಿನ ಬಳಿ ಬಂದು ರಿಜಿಸ್ಟರಿನ ಬೆನ್ನ ಮೇಲೆ ಬೆರಳಿಟ್ಟ.

"ಇದ್ಯಾಕೆ ಒದ್ದೆ ಇದೆ?"

"ಈಗಷ್ಟೇ ಅಂಟಿಸಿದ್ದು ಸಾರ್. ಬೇಕಾದ್ರೆ ಬಿಚ್ಚಿ ನೋಡಿ. ನಿಮ್ಮ ಸರ್ಕಾರದ್ದೇ ಸಾವಿನ ರಿಜಿಸ್ಟರ್. ಹಾಳೆ ಕಿತ್ತು ಬಂದ್ರೆ, ನಿಮ್ಮ ಕೈಯಿಂದಾಯ್ತು ಅಂತ ಒಂದು ಚೀಟಿ ಬರ್ಕೊಟ್ಟು ಹೋಗಿ."

ಅವನು ಅವಳನ್ನೇ ನೋಡುತ್ತ ನಿಂತ. ಆಮೇಲೆ ಬೆರಳಿನ ಗೋಂದನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಹೊರಟ.

ಸಂಜೆ ಕಚೇರಿಯ ಜವಾನ ಬಂದು ರಿಜಿಸ್ಟರನ್ನು ಹೊತ್ತುಕೊಂಡು ಹೋದ. ತಡೆಯಲು ನಮಗೆ ನೆಪ ಸಿಗಲಿಲ್ಲ.

"ಬೈಂಡು ಸಡಿಲ ಆದ್ರೆ ವಾಪಸ್ ಇಲ್ಲಿಗೇ ಬರುತ್ತಲ್ಲ ದೊಡ್ಡಮ್ಮ," ಎಂದೆ.

"ನಾನು ಹೊಲಿದಿದ್ದು ಕಣೇ ಅದು," ಎಂದಳು. ಅವಳ ಮುಖ ಕಪ್ಪಿಟ್ಟಿತ್ತು.

ಅಮ್ಮ ನಾಲ್ಕು ವರ್ಷದ ಮೇಲೆ ಜೈಲಿನಿಂದ ಮನೆಗೆ ಬಂದಳು. ಅಲ್ಲಿ ಏನು ಮಾಡಿದರೋ, ಹೇಳಲಿಲ್ಲ. ಕೂತಲ್ಲೇ ಬೆರಳು ಮಡಿಸುತ್ತ ಸಾಲು ಹೇಳಿಕೊಳ್ಳುತ್ತಿದ್ದಳು. ಹದಿನೈದಕ್ಕೆ ನಿಲ್ಲುತ್ತಿತ್ತು.

"ಏಳು ಜನ ಬರ್ತಿಲ್ಲ ಅಕ್ಕ. ನಾನೂ ಅವರನ್ನ ಬಿಟ್ಬಿಟ್ಟೆ."

ಸತ್ತವರ ಮನೆಯವರನ್ನು ಕೇಳೋಣವೆಂದರೆ ಎಷ್ಟೋ ಜನ ಊರು ಬಿಟ್ಟಿದ್ದರು. ಇದ್ದವರು ಅಮ್ಮನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆ ಜೀಪನ್ನು ನಾನೂ ನೋಡಿದ್ದೇನೆ.

ಕೊನೆಗೆ ಒಂದು ದಿನ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಕಚೇರಿಗೆ ಹೋದಳು. ದೊಡ್ಡಪ್ಪ ತೀರಿಕೊಂಡದ್ದೂ ಬೆಂಕಿ ಬಿದ್ದ ವರ್ಷವೇ, ಅವರ ಹೆಸರು ಅದೇ ರಿಜಿಸ್ಟರಿನಲ್ಲಿತ್ತು. ಅವರ ಮರಣ ಪತ್ರದ ನಕಲು ಬೇಕೆಂದು ಅರ್ಜಿ ಕೊಟ್ಟಳು. ಗುಮಾಸ್ತ ರಿಜಿಸ್ಟರ್ ತಂದಿಟ್ಟು ಮೇಲೆ ತಟ್ಟಿದ. "ನಿಮ್ಮ ಕೈಕೆಲಸ ನೋಡಿ. ಒಂದು ದಾರ ಅಲ್ಲಾಡಿಲ್ಲ."

"ಪುಟ ನಾನೇ ಹುಡುಕ್ತೀನಿ ಕೊಡಿ," ಎಂದು ಕಣ್ಣು ಮಂಜಾದವಳಂತೆ ಬಗ್ಗಿದಳು. ಅವಳ ಬೆರಳ ಸಂದಿಯಲ್ಲಿ ಚಿಕ್ಕ ಬ್ಲೇಡು ಇದ್ದದ್ದು ಆಗ ನನಗೆ ಕಂಡಿತು. ಹಾಳೆ ತಿರುವಿದಂತೆಲ್ಲ ಮಡಿಕೆಯ ನಡುವಿನ ದಾರ ಕುಯ್ಯುತ್ತ ಹೋದಳು. ಗುಮಾಸ್ತ ಒಂದು ಮೊಳ ದೂರದಲ್ಲಿ ಕೂತಿದ್ದ. ನಾನು ಬಾಯಿಗೆ ಬಂದದ್ದು ಹರಟಿದೆ, ಅವನ ಹೆಂಡತಿಯ ಮಂಡಿನೋವನ್ನೂ ವಿಚಾರಿಸಿದೆ. ಕೊನೆಗೆ ದೊಡ್ಡಮ್ಮ ಎರಡೂ ಮೊಣಕೈ ಊರಿ ಮೈಭಾರ ಬಿಟ್ಟಳು. ರಿಜಿಸ್ಟರಿನ ಬೆನ್ನು ಲಟಕ್ಕೆಂದಿತು, ಹಾಳೆಗಳು ಮೇಜಿನ ಮೇಲೆ ಜಾರಿದವು.

"ಏನಮ್ಮಾ ಇದು? ನಾಲ್ಕೇ ವರ್ಷಕ್ಕೆ ಹೀಗಾ? ಮೇಲಿನವರು ನೋಡಿದ್ರೆ ನನ್ನ ನೌಕರಿ ಏನಾಗ್ಬೇಕು?"

ಯಾರಿಗೂ ತಗ್ಗದ ತಲೆ ತಗ್ಗಿತು. "ತಪ್ಪಾಯ್ತು. ನನ್ನ ಕೈ ಸೋತಿದೆ. ಕೊಡಿ, ಸರಿಮಾಡಿ ತರ್ತೀನಿ."

"ಇದೊಂದು ಮಾಡ್ಕೊಡಿ. ಇನ್ಮೇಲೆ ಬೇರೆಯವರನ್ನ ನೋಡ್ಕೋತೀವಿ."

ಮನೆಯಲ್ಲಿ ದೊಡ್ಡಮ್ಮ ರಿಜಿಸ್ಟರಿನ ಬೆನ್ನಿಗೆ ಒದ್ದೆ ಬಟ್ಟೆ ಇಟ್ಟು, ಗೋಂದು ಮೆತ್ತಗಾದ ಮೇಲೆ ಹಾಳೆಯನ್ನು ಬಿಡಿಸಿದಳು. ಪೆನ್ಸಿಲು ಅಳಿಸಿರಲಿಲ್ಲ. ಅಮ್ಮ ಓದುತ್ತ ಹೋದಳು, ಏಳು ಜನರೂ ಬಂದರು. ಕೊನೆಯವಳು ಬಾಗಿಲಿಗೆ ಎಲ್ಲರಿಗಿಂತ ಹತ್ತಿರದವಳು, ಉಗುರು ಕಿತ್ತುಹೋದವಳು. ಅಮ್ಮ ಗಟ್ಟಿಯಾಗಿ ಅತ್ತಳು, ನಾನೂ ಅತ್ತೆ.

"ಅಳೋದು ಆಮೇಲೆ. ಮೊದಲು ನಕಲು ಮಾಡು," ಎಂದಳು ದೊಡ್ಡಮ್ಮ, ಸೂಜಿಗೆ ದಾರ ಪೋಣಿಸುತ್ತ.

ನಾನು ನಕಲು ಮಾಡಿ ಮುಗಿಸಿದೆ. ಅಮ್ಮ ಮೂಲ ಹಾಳೆಯನ್ನು ಎದೆಗೊತ್ತಿಕೊಂಡು, "ಇದನ್ನೆಲ್ಲಿಡೋದು ಅಕ್ಕ?" ಎಂದಳು.

"ಇದ್ದಲ್ಲೇ. ಸತ್ತವರು ಸಾವಿನ ರಿಜಿಸ್ಟರಲ್ಲೇ ಇರ್ಬೇಕು."

ಈ ಸಲ ಎರಡೆಳೆ ದಾರದಲ್ಲಿ ಹೊಲಿದಳು. ಅದು ಕಚೇರಿಗೆ ಅವಳು ಕಟ್ಟಿಕೊಟ್ಟ ಕೊನೆಯ ರಿಜಿಸ್ಟರ್. ದೊಡ್ಡಮ್ಮ ಹೋಗಿ ಹತ್ತು ವರ್ಷವಾಯಿತು. ನಾನು ವರ್ಷಕ್ಕೊಮ್ಮೆ ದೊಡ್ಡಪ್ಪನ ಮರಣ ಪತ್ರದ ನಕಲು ಕೇಳುವ ನೆಪದಲ್ಲಿ ಹೋಗಿ ಅದರ ಬೆನ್ನು ಮುಟ್ಟಿ ಬರುತ್ತೇನೆ. ಇನ್ನೂ ಬಿಚ್ಚಿಲ್ಲ.