ಟೆಲೆಕ್ಸ್ ಕೋಣೆಯಿಂದ ಸರ್ವರ್ ಕೋಣೆಗೆ

ಮುಂಬಯಿಯ ಫೋರ್ಟಿನ ಅಂಗಡಿಗಳ ಶಟರ್ ಇನ್ನೂ ಮೇಲೆದ್ದಿಲ್ಲ. ಮುಲುಂಡಿನಿಂದ ಬೆಳಗಿನ ಲೋಕಲ್ ಹಿಡಿದು ಬಂದ ಶೀಲಾವತಿ, ಹಡಗು ಏಜೆನ್ಸಿಯೊಂದರ ಸರ್ವರ್ ಕೋಣೆಯ ಹೊರಗೆ ಚಪ್ಪಲಿ ಕಳಚಿಡುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಜುಗಳಡಿ ಬಗ್ಗಿ, ಕೇಬಲ್ ಜೋಡಿಸಿದ ಕಡೆಯಲ್ಲೆಲ್ಲ ಬೆರಳಿಂದ ತಿರುವಿ ನೋಡುತ್ತಾರೆ.

"ಗುಡಿಸುವಾಗ ಪೊರಕೆ ತಾಗಿ ಒಂದು ಕಡೆ ಸಡಿಲ ಆದ್ರೆ ಸಾಕು ಮಾರಾಯ್ರೆ, ಇಡೀ ಸಾಲಿನ ಕಂಪ್ಯೂಟರು ಮಲಗ್ತದೆ," ಎನ್ನುತ್ತಾರೆ. ಸಿಬ್ಬಂದಿ ಬರುವ ಹೊತ್ತಿಗೆ ಎಲ್ಲವೂ ನಡೆಯುತ್ತಿರುತ್ತದೆ. ನಡೆಸಿದವರು ಯಾರೆಂದು ಯಾರೂ ಕೇಳುವುದಿಲ್ಲ.

ಉಡುಪಿ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದವರು ಶೀಲಾವತಿ. ಗಂಡ ರಮಾನಾಥ ಮುಲುಂಡಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾರೆ. ಶೀಲಾವತಿ ಕನ್ನಡ ರಾತ್ರಿಶಾಲೆಯಲ್ಲಿ ಓದು ಮುಗಿಸಿ, ಟೈಪಿಂಗ್ ಕಲಿತು ಈ ಕಂಪನಿ ಸೇರಿದಾಗ, ತಂತಿಯಲ್ಲಿ ಸಂದೇಶ ಕಳಿಸುವ ಟೆಲೆಕ್ಸ್ ಯಂತ್ರ ನಡೆಸಲು ಗೊತ್ತಿರಲಿಲ್ಲವಂತೆ. ಪಕ್ಕದಲ್ಲಿ ಕುಳಿತು ಕಲಿಸಿದವರು ಮಂಗಳೂರಿನ ಹಿರಿಯ ಆಪರೇಟರ್ ದೂಜ. ಅಂದಿನಿಂದ ಆ ಕೋಣೆಯಲ್ಲಿ ಇವರಿಬ್ಬರೇ.

ಕಳೆದ ವರ್ಷ, ಅಂದರೆ ತೊಂಬತ್ತೆರಡರಲ್ಲಿ, ಟೆಲೆಕ್ಸ್ ಮುಚ್ಚುವ ಸುದ್ದಿ ಬರುತ್ತದೆ. ನೆಟ್‌ವರ್ಕ್ ನೋಡಿಕೊಳ್ಳುವವರ ಮೊದಲ ಹಂತದ ಸರ್ಟಿಫಿಕೇಟ್ ಪರೀಕ್ಷೆ ಪಾಸಾದರೆ ಫೋರ್ಟಿನಲ್ಲೇ ಕೆಲಸ, ಇಲ್ಲವಾದರೆ ಕೊಲ್ಲಿಯಾಚೆ ಉರಣದ ಗೋದಾಮು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಉರಣಕ್ಕೆ ಹೋಗಿಬರುವುದೆಂದರೆ ಶೀಲಾವತಿ ಕೆಲಸವನ್ನೇ ಬಿಟ್ಟಂತೆ.

ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಓದು ಶುರುವಾಗುತ್ತದೆ. ದಿನವೂ ಜೊತೆಗೆ ಬರುವ ಆಸ್ಪತ್ರೆಯ ಆಯಾ ದೇವಕ್ಕ ಪುಸ್ತಕ ಹಿಡಿದು, ಅಕ್ಷರ ಕೂಡಿಸಿ ಪ್ರಶ್ನೆ ಕೇಳುತ್ತಾರೆ. ಶೀಲಾವತಿ ಕಂಬಕ್ಕೊರಗಿ ಬಾಯಿಪಾಠ ಒಪ್ಪಿಸುತ್ತಾರೆ. ಪುಸ್ತಕವೆಲ್ಲ ಕಂಠಪಾಠವಾದರೂ ಪರೀಕ್ಷೆಯಲ್ಲಿ ಫೇಲು. "ಅರ್ಥ ಏನು ಅಂತ ಅವರು ಕೇಳ್ಲೇ ಇಲ್ಲ. ಕೆಟ್ಟು ಹೋದ್ರೆ ಮೊದಲು ಏನು ನೋಡ್ತಿ ಅಂತ ಕೇಳಿದ್ರು. ನಾನು ಕೆಟ್ಟದ್ದನ್ನು ಕಂಡೇ ಇರ್ಲಿಲ್ಲ."

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ವೆಂಕಟಸುಬ್ಬಯ್ಯ ಮೈಸೂರಿನವರು. "ಈ ವಯಸ್ಸಲ್ಲಿ ಯಾಕಮ್ಮಾ ಈ ತಾಪತ್ರಯ?" ಎನ್ನುತ್ತಾರೆ. ಶೀಲಾವತಿ ಬಾಗಿಲು ಬಿಟ್ಟು ಕದಲುವುದಿಲ್ಲ. "ಸರ್, ಕೆಡಿಸ್ಲಿಕ್ಕೆ ಒಂದೆರಡು ಹಳೆ ಮೆಷಿನ್ ಕೊಡಿ." ಅವರು ನಕ್ಕು, ಮೂಲೆಗೆ ಸೇರಿದ್ದ ಎರಡು ಕಂಪ್ಯೂಟರ್‌ಗಳನ್ನು ಕೊಡಿಸುತ್ತಾರೆ. ಬೇಕೆಂದೇ ತಂತಿ ಕಿತ್ತು, ಪಾಸ್‌ವರ್ಡ್ ಕೆಡಿಸಿ, ಮತ್ತೆ ಸರಿಮಾಡುವುದು ಶೀಲಾವತಿಯ ಊಟದ ಬಿಡುವಿನ ಕೆಲಸವಾಗುತ್ತದೆ. ಅಷ್ಟೂ ಹೊತ್ತು ಟೆಲೆಕ್ಸ್ ಪಾಳಿಯನ್ನು ದೂಜ ಒಬ್ಬರೇ ಎಳೆಯುತ್ತಾರೆ.

ಎರಡನೇ ಸಲ ಪರೀಕ್ಷೆಗೆ ಕೂತು, ಕೊನೆಯ ಉತ್ತರ ಒತ್ತುತ್ತಲೇ ಪರದೆಯ ಮೇಲೆ 'ಪಾಸ್' ಎಂದು ಬರುತ್ತದೆ. ಖುಷಿ ಮಾತ್ರ ಉಳಿಯುವುದಿಲ್ಲ. ಆಫೀಸಿಗೆ ಬಂದು ನೋಡಿದರೆ ದೂಜ ತಮ್ಮ ಮೇಜಿನ ಸಾಮಾನು ಕಟ್ಟುತ್ತಿದ್ದಾರೆ. ಅವರು ಪರೀಕ್ಷೆಗೆ ಹೆಸರನ್ನೇ ಕೊಟ್ಟಿರಲಿಲ್ಲ.

"ನನ್ನ ತಲೆಗೆ ಇದೆಲ್ಲ ಹೋಗುದಿಲ್ಲ ಶೀಲಾಬಾಯಿ. ಉರಣಕ್ಕೆ ಹೋಗ್ತೇನೆ, ಛೋಡೋ, ಬಿಟ್ಟುಬಿಡಿ."

"ನೀವು ನನ್ನ ಪಾಳಿ ಮಾಡದಿದ್ರೆ ಈಗ ಸಾಮಾನು ಕಟ್ಟುವವಳು ನಾನಾಗಿರ್ತಿದ್ದೆ. ಇದನ್ನೆಲ್ಲ ಕೆಳಗೆ ಇಡಿ ದೂಜಣ್ಣ."

ಶೀಲಾವತಿ ನೇರ ವೆಂಕಟಸುಬ್ಬಯ್ಯನವರ ಬಳಿ ಹೋಗಿ, ದೂಜರಿಗೂ ಕಾಲಾವಕಾಶ ಕೇಳಿ ಪಡೆಯುತ್ತಾರೆ. ಬೆಳಗಿನ ಪರಿಶೀಲನೆ ಮುಗಿದ ಮೇಲೆ ಪಾಠ. ಶೀಲಾವತಿ ಒಂದು ಕಡೆ ಕೆಡಿಸಿಟ್ಟು ಪಕ್ಕದಲ್ಲಿ ಕೂರುತ್ತಾರೆ. ದೂಜ ಕನ್ನಡಕ ಮೂಗಿನ ತುದಿಗಿಳಿಸಿ, ಕೊಂಕಣಿಯಲ್ಲಿ ಗೊಣಗುತ್ತಾ ಹುಡುಕುತ್ತಾರೆ. ಸಿಗದ ದಿನ ಸಿಡುಕುತ್ತಾರೆ. "ಸಿಡುಕ್ಲಿ. ನನಗೆ ಟೆಲೆಕ್ಸ್ ಕಲಿಸುವಾಗ ಅವರು ಒಮ್ಮೆಯೂ ಸಿಡುಕಿದವರಲ್ಲ."

ಕಳೆದ ಶನಿವಾರ ದೂಜರ ಪರೀಕ್ಷೆ. ಮಧ್ಯಾಹ್ನದವರೆಗೂ ಶೀಲಾವತಿ ಫೋನಿನ ಹತ್ತಿರವೇ ಇದ್ದರು. ಕರೆ ಬಂದಾಗ ಆ ಕಡೆ ದೂಜರ ದನಿ: "ಹೋ ಗಯಾ ಶೀಲಾಬಾಯಿ, ಆಗಿಹೋಯ್ತು. ಪಾಸ್."

ತಾವು ಪಾಸಾದ ದಿನ ಶೀಲಾವತಿ ಯಾರಿಗೂ ಹೇಳಿಕೊಂಡಿರಲಿಲ್ಲ. ದೂಜ ಪಾಸಾದ ಸಂಜೆ ಮಾತ್ರ ರಮಾನಾಥರ ಹೋಟೆಲಿನಿಂದ ಜಿಲೇಬಿ ಕಟ್ಟಿಸಿಕೊಂಡು ಬಿಲ್ಡಿಂಗಿನ ಮನೆಮನೆಗೂ ಹಂಚಿದರು. ಮಗಳು ಪಾಸಾದಳೇ ಎಂದು ನೆರೆಯವರು ಕೇಳಿದರಂತೆ.

"ಅಲ್ಲ, ನನ್ನ ಗುರುಗಳು ಪಾಸಾದ್ರು ಅಂದೆ," ಎಂದು ಶೀಲಾವತಿ ನಗುತ್ತಾರೆ.